ನೆತ್ತಿಯ ಎಲುಬು

"ಅಲ್ಲಿ ಜೋರಾಗಿ ತಿಕ್ಕಬ್ಯಾಡಬೇ, ಅಲ್ಲಿ ಎಲುಬಿಲ್ಲ" ಎಂದು ಸುಂಕಮ್ಮ ಕೈ ಅಡ್ಡ ಹಿಡಿದಳು.

ಅವಳ ಗಂಡ ಪಾಲಣ್ಣನ ಹೆಣವನ್ನು ಅಂಗಳದಲ್ಲಿ ಹಲಗೆಯ ಮೇಲೆ ಕೂರಿಸಿ ಮೈ ತೊಳೆಯುತ್ತಿದ್ದರು. ತಲೆಗೆ ಸೀಗೆಪುಡಿ ಹಾಕುತ್ತಿದ್ದ ಪಕ್ಕದ ಮನೆಯ ಎರ್ರಮ್ಮನ ಬೆರಳು ನೆತ್ತಿಯ ಎಡಭಾಗದಲ್ಲಿ ಮೆತ್ತಗೆ ಒಳಗಿಳಿದಿತ್ತು. ಕೆಂಡ ಮುಟ್ಟಿದವಳಂತೆ ಅವಳು ಕೈ ಹಿಂದಕ್ಕೆ ಎಳೆದುಕೊಂಡಳು.

"ಎಲುಬಿಲ್ಲಾ? ಎಲ್ಲಿ ಹೋತು?"

ಸುಂಕಮ್ಮ ಗಂಡನ ಹೊಟ್ಟೆಯ ಬಲಮಗ್ಗುಲು ತೋರಿಸಿದಳು. ಹೊಲಿಗೆಯ ಗೆರೆಯ ಕೆಳಗೆ ಚರ್ಮ ಅಂಗೈಯಗಲ ಉಬ್ಬಿಕೊಂಡಿತ್ತು. "ಇಲ್ಲಿ ಐತಿ. ಆಪ್ರೇಶನ್ ಮಾಡಿದಾಗ ತಗದು ಇಲ್ಲೇ ಇಟ್ಟಾರ."

ಅಳುತ್ತಿದ್ದ ಹೆಂಗಸರೆಲ್ಲ ಬಗ್ಗಿ ನೋಡಿದರು. ಗೋಡೆಗೊರಗಿ ಕೂತಿದ್ದ ಪಾಲಣ್ಣನ ತಾಯಿ ಗಾದೆಮ್ಮ ಕೋಲೂರಿ ಎದ್ದು ಬಂದಳು. ಮಗನ ತಲೆ ಕೊಯ್ದಿದ್ದಾರೆಂಬುದು ಅವಳಿಗೆ ಗೊತ್ತಿತ್ತು. ಹೊಟ್ಟೆಯದೂ ಒಂದು ಗಾಯವೆಂದಷ್ಟೇ ಸೊಸೆ ಹೇಳಿದ್ದಳು.

"ಅಂದ್ರ ನನ್ನ ಮಗನ ತಲಿ ಹೊಟ್ಯಾಗ ಐತೇನು?" ಎಂದಳು. ಆಮೇಲೆ ಓಣಿಯ ಹಿರಿಯ ಪಕ್ಕೀರಪ್ಪನ ಕಡೆ ತಿರುಗಿದಳು. "ಅದನ್ನ ತಗದು ಅದರ ಜಾಗಕ್ಕ ಇಟ್ಟು ಮಣ್ಣು ಮಾಡ್ರಿ. ತೂತು ಬಿದ್ದ ತಲಿ ಹೊತ್ಕಂಡು ಹೋಗಿ ಅವ ಹಿರೇರ ಮುಂದ ಹ್ಯಾಂಗ ನಿಂದ್ರಬೇಕು?"

ಊರಿನ ಎಷ್ಟೋ ಸಾವಿನ ಕಾರ್ಯ ಮುಂದೆ ನಿಂತು ಮಾಡಿಸಿದ ಪಕ್ಕೀರಪ್ಪನಿಗೂ ಇಂಥದ್ದು ಹೊಸದು. ಅವನು ಟವೆಲ್ಲಿನಿಂದ ಮುಖ ಒರೆಸಿಕೊಳ್ಳುತ್ತ ನಿಂತುಬಿಟ್ಟ.

*

ಪಾಲಣ್ಣ ಹುಣಸೆಮರ ಬಡಿಯುವವನು. ಹಣ್ಣಿನ ಕಾಲ ಬಂತೆಂದರೆ ಕೂಡ್ಲಿಗಿಯಿಂದ ಕೊಟ್ಟೂರಿನವರೆಗೆ ಗುತ್ತಿಗೆ ಹಿಡಿದವರೆಲ್ಲ ಅವನನ್ನೇ ಹುಡುಕಿಕೊಂಡು ಬರುತ್ತಿದ್ದರು. ತುದಿಕೊಂಬೆಯಲ್ಲಿ ನಿಂತು ಕೆಳಗೆ ಹಣ್ಣು ಆಯುವ ಹೆಂಗಸರನ್ನು ಕಾಡಿಸುವುದೇ ಅವನಿಗೆ ಅರ್ಧ ಕೂಲಿ. ಬಾಯಿ ಬೊಂಬಾಯಿ. ಆದರೆ ಆ ಬಾಯಾಳಿಗೆ ನಿದ್ದೆಯೊಂದು ಇರಲಿಲ್ಲ. ಎಲ್ಲೋ ನಾಯಿ ಬೊಗಳಿದರೆ ಎದ್ದು ಕೂತು ಬೆಳಗಿನವರೆಗೂ ಬೀಡಿ ಸೇದುವವನು. ಮಗನಿಗೆ ನಿದ್ದೆ ಕೊಡೆಂದು ಗಾದೆಮ್ಮ ಹರಕೆ ಹೊರದ ದೇವರಿರಲಿಲ್ಲ.

ಈ ಹಣ್ಣಿನ ಕಾಲದ ಒಂದು ಮಧ್ಯಾಹ್ನ ಕೊಂಬೆ ಮುರಿದು ಕೊಂಬೆಯ ಜೊತೆಗೇ ಕೆಳಗೆ ಬಂದ. ಸ್ವಲ್ಪ ಹೊತ್ತು ಕಣ್ಣು ಮುಚ್ಚಿದ್ದವನು ಎದ್ದು ಕೂತು, ಮೈಯ ಧೂಳು ಜಾಡಿಸಿ, "ಈ ಸಲ ಮರಾನೇ ನನ್ನ ಬಡೀತಲೇ" ಎಂದು ತಮ್ಮ ತಿಪ್ಪೇಶನನ್ನು ನಗಿಸಿದ. ರಕ್ತವಿಲ್ಲ, ಗಾಯವಿಲ್ಲ. ತಿಪ್ಪೇಶ ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಮನೆಗೆ ತಂದ. ಪಾಲಣ್ಣ ತಲೆ ಸಿಡಿಯುತ್ತಿದೆ ಎಂದ, ಒಂದು ಸಲ ವಾಂತಿ ಮಾಡಿದ. ಬಿಸಿಲಿಗೆ ಪಿತ್ತವೆಂದರು. ಮಲಗಿದವನು ಗೊರಕೆ ಹೊಡೆಯತೊಡಗಿದ.

"ಎಬ್ಬಿಸಿ ಒಂದೀಟು ಗಂಜಿ ಕುಡಿಸ್ಲೇನತ್ತಿ?" ಎಂದು ಸುಂಕಮ್ಮ ಕೇಳಿದ್ದಳು.

"ಎಬ್ಬಿಸಬ್ಯಾಡ. ನನ್ನ ಮಗ ಹಿಂಗ ಮಲಗಿದ್ದು ನಾನು ಕಂಡೇ ಇಲ್ಲ" ಎಂದು ಗಾದೆಮ್ಮ ಬಾಗಿಲಲ್ಲಿ ಕೂತು, ಸದ್ದು ಮಾಡುವ ಕೋಳಿಗಳನ್ನೂ ಆಚೆ ಅಟ್ಟಿದಳು. ಸುಂಕಮ್ಮನಿಗೂ ಹಿಗ್ಗೇ ಆಗಿತ್ತು. ಗೊರಕೆ ಕೇಳುತ್ತ ಕೇಳುತ್ತ ಅವಳು ರೊಟ್ಟಿ ಬಡಿದಳು.

ಹೊತ್ತು ಮುಳುಗುವಾಗ ಉಸಿರು ಎಳೆದೆಳೆದು ಬರತೊಡಗಿತು. ರೆಪ್ಪೆ ಎತ್ತಿ ನೋಡಿದರೆ ಒಂದು ಕಣ್ಣಿನ ಪಾಪೆ ಅರಳಿಕೊಂಡಿತ್ತು. ಜೀಪು ಮಾಡಿಕೊಂಡು ಕೂಡ್ಲಿಗಿಗೆ, ಅಲ್ಲಿ ಆಗದೆಂದರೆ ದಾವಣಗೆರೆಗೆ. ಅಲ್ಲಿಯ ಡಾಕ್ಟರು ಸ್ಕ್ಯಾನಿನ ಹಾಳೆಯನ್ನು ಬೆಳಕಿಗೆ ಹಿಡಿದು, "ಬುರುಡೆ ಒಳಗೆ ರಕ್ತ ಹೆಪ್ಪುಗಟ್ಟಿ ಮೆದುಳನ್ನು ಅಮುಕಿದೆ. ಅದು ನಿದ್ದೆಯಲ್ಲಮ್ಮ, ಎಚ್ಚರ ತಪ್ಪಿದ್ದು. ಗೊರಕೆ ಶುರುವಾದಾಗಲೇ ತಂದಿದ್ದರೆ..." ಎಂದು ಅಲ್ಲಿಗೇ ನಿಲ್ಲಿಸಿದರು. ರಕ್ತ ತೆಗೆದರೂ ಮೆದುಳು ಬಾತಿರುತ್ತದೆ, ಅದಕ್ಕೆ ಜಾಗ ಬೇಕು, ನೆತ್ತಿಯ ಎಲುಬಿನ ತುಂಡು ತೆಗೆದು ಕೆಡದಂತೆ ಹೊಟ್ಟೆಯ ಚರ್ಮದ ಕೆಳಗೆ ಇಡುತ್ತೇವೆ, ಚೇತರಿಸಿಕೊಂಡ ಮೇಲೆ ಮತ್ತೆ ಕೂರಿಸುತ್ತೇವೆ ಎಂದರು. ಸುಂಕಮ್ಮ ಹೆಬ್ಬೆಟ್ಟು ಒತ್ತಿದಳು.

ಆಪರೇಶನ್ ಆಗಿ ಮನೆಗೆ ಬಂದವನು ಕಣ್ಣು ಬಿಟ್ಟಿದ್ದ, ಯಾರನ್ನೂ ನೋಡುತ್ತಿರಲಿಲ್ಲ. ಮೂಗಿನ ನಳಿಕೆಯಲ್ಲಿ ಗಂಜಿ. ದಿನವೂ ಮೈ ಒರೆಸುವಾಗ ಸುಂಕಮ್ಮ ಹೊಟ್ಟೆಯ ಎಲುಬನ್ನು ಮುಟ್ಟಿ ನೋಡುತ್ತಿದ್ದಳು. ಅದಿರುವವರೆಗೆ ಅವನು ಏಳುತ್ತಾನೆಂದೇ ನಂಬಿದ್ದಳು. ಎದೆಯಲ್ಲಿ ಕಫ ಕಟ್ಟಿ, ಜ್ವರ ಬಂದು, ಅವನು ಹೋಗಿಯೇಬಿಟ್ಟ. ನಿದ್ದೆಯ ಬಗ್ಗೆ ಡಾಕ್ಟರು ಹೇಳಿದ ಮಾತನ್ನು ಮಾತ್ರ ಅವಳು ಅತ್ತೆಗೆ ಹೇಳಿರಲಿಲ್ಲ. ಮುದಿಜೀವ ತಡೆಯಲಾರದೆಂದು ನುಂಗಿಕೊಂಡಿದ್ದಳು.

*

"ಹೆತ್ತಾಕಿ ಮಾತು, ಮೀರಂಗಿಲ್ಲ" ಎಂದ ಪಕ್ಕೀರಪ್ಪ ಕೊನೆಗೆ. "ತಿಪ್ಪೇಶ, ಒಂದು ಬ್ಲೇಡು ತಗಂಬಾ."

ಸುಂಕಮ್ಮ ಒದ್ದೆ ಹೆಣದ ಹೊಟ್ಟೆಯನ್ನು ತಬ್ಬಿಕೊಂಡಳು. "ಒಮ್ಮಿ ಕೊಯ್ಸೀನಿ. ಮತ್ತ ಕೊಯ್ಯಾಕ ಬಿಡಂಗಿಲ್ಲ."

"ನನ್ನ ಕೇಳದಂಗ ಹೆಬ್ಬಟ್ಟು ಒತ್ತಿದಾಕಿ ನೀನು!" ಗಾದೆಮ್ಮ ಕೋಲು ಎತ್ತಿದಳು. "ನನ್ನ ಮಾತು ಕೇಳಿದ್ರ ನನ್ನ ಮಗ ಇವತ್ತು ಇರ್ತಿದ್ದ."

"ನಿನ್ನ ಮಾತು ಕೇಳೇ ಸತ್ತಾನತ್ತಿ!" ಸುಂಕಮ್ಮ ಚೀರಿದಳು. "ಎಬ್ಬಿಸಬ್ಯಾಡ ಅಂದಾಕಿ ಯಾರು? ಅದು ನಿದ್ದಿ ಅಲ್ಲಂತ. ಗೊರಕಿ ಹೊಡಿಯಾಗ ಕರ್ಕಂಡು ಬಂದಿದ್ರ ಉಳೀತಿದ್ನಂತ. ಡಾಕ್ಟ್ರು ಹೇಳ್ಯಾರ."

ತಿಪ್ಪೇಶ ಬ್ಲೇಡು ಹಿಡಿದು ಬಾಗಿಲಲ್ಲೇ ನಿಂತ. ಗಾದೆಮ್ಮನ ಕೋಲು ಮೆಲ್ಲಗೆ ಕೆಳಗಿಳಿಯಿತು.

"ನಿದ್ದಿ ಅಲ್ಲಾ?" ಎಂದಳು, ಸಣ್ಣ ದನಿಯಲ್ಲಿ.

ನಾನೂ ಹಿಗ್ಗಿದ್ದೆ ಅತ್ತೆ, ನಾನೂ ಎಬ್ಬಿಸಲಿಲ್ಲ ಎಂದು ಹೇಳಬೇಕೆಂದು ಸುಂಕಮ್ಮನಿಗೆ ಅನ್ನಿಸಿತು. ಅದರ ಬದಲು ಗಂಡನ ಹೊಟ್ಟೆಯ ಮೇಲಿನ ನೀರು ಒರೆಸಿದಳು. ಗಂಡನನ್ನು ಬ್ಲೇಡಿನಿಂದ ಉಳಿಸಿಕೊಂಡಿದ್ದಳು, ಆದರೆ ಆ ಗೆಲುವು ಅವಳಿಗೇ ಹೇಸಿಗೆಯಾಯಿತು.

"ಹಂಗೇ ಒಯ್ರಿ" ಎಂದು ಗಾದೆಮ್ಮ ಪಕ್ಕೀರಪ್ಪನಿಗೆ ಕೈಸನ್ನೆ ಮಾಡಿದಳು.

ಹೊಲದ ಬದುವಿನಲ್ಲಿ ಕುಣಿ ತೋಡಿದ್ದರು. ತಿಪ್ಪೇಶ ಮೊದಲ ಹಿಡಿ ಮಣ್ಣು ಹಾಕಿದ, ಸುಂಕಮ್ಮ ಹಾಕಿದಳು. ಗಾದೆಮ್ಮ ಬಗ್ಗಿ ಕೆಂಪು ಮಣ್ಣು ಹಿಡಿದು ಕುಣಿಯ ಮೇಲೆ ಕೈ ಚಾಚಿದಳು.

"ಹಾಕವ್ವ, ಹೊತ್ತಾಕ್ಕತಿ" ಎಂದ ಪಕ್ಕೀರಪ್ಪ.

ಕೈ ಚಾಚಿಯೇ ಇತ್ತು. ಕೊನೆಗೆ ತಿಪ್ಪೇಶ ತಾಯಿಯ ಭುಜ ಹಿಡಿದು ಪಕ್ಕಕ್ಕೆ ಕರೆದೊಯ್ದ, ಉಳಿದವರು ಸಲಿಕೆ ಹಿಡಿದರು.

ಮನೆಯ ಮುಂದೆ ಎಲ್ಲರೂ ಕೈಕಾಲು ತೊಳೆದುಕೊಂಡು ಒಳಗೆ ಹೋದರು. ಗಾದೆಮ್ಮ ಹೊರಗೇ ನಿಂತಿದ್ದಳು, ಕುಣಿಗೆ ಹಾಕದ ಮಣ್ಣಿನ ಮೇಲೆ ಬಲಗೈ ಮುಷ್ಟಿ ಬಿಗಿದೇ ಇತ್ತು. ಸುಂಕಮ್ಮ ಚೆಂಬಿನಲ್ಲಿ ನೀರು ತಂದು ಆ ಮುಷ್ಟಿಯ ಮೇಲೆ ಹುಯ್ದಳು.

"ಕೈ ಬಿಡತ್ತಿ."

ಬೆರಳ ಸಂದಿಯಿಂದ ನೀರು ಕೆಂಪಗೆ ಇಳಿದು ಇಬ್ಬರ ಪಾದಕ್ಕೂ ಹರಿಯಿತು. ಸುಂಕಮ್ಮ ಮತ್ತೊಂದು ಚೆಂಬು ತಂದಳು. ಮುಷ್ಟಿ ಬಿಚ್ಚಲಿಲ್ಲ.