ಅಂಟದ ರೋಗ

ಕುರಿಹಟ್ಟಿಯಲ್ಲಿ ಜಾರಿ ಬಿದ್ದು ಗಿಡ್ಡಮ್ಮನ ತೊಡೆಯ ಎಲುಬು ಮುರಿದಿತ್ತು. ಮಗ ಉರುಕುಂದ ತಮ್ಮೂರು ಪೆದ್ದಹರಿವಾಣದಿಂದ ಆಟೋದಲ್ಲಿ ಮಲಗಿಸಿಕೊಂಡು ಬಂದು ಅವಳನ್ನು ಆದೋನಿಯ ಆಸ್ಪತ್ರೆಯೊಂದರ ಎಲುಬಿನ ವಾರ್ಡಿಗೆ ಸೇರಿಸಿದ. ಅವಳ ಸೊಂಟ, ಬೆನ್ನಿನ ಮೇಲೆ ಬೆಳ್ಳಗೆ ಹೊಟ್ಟು ಏಳುತ್ತಿದ್ದ ಕೆಂಪು ಮಚ್ಚೆಗಳನ್ನು ಕಂಡು ಎಲುಬಿನ ಡಾಕ್ಟರು ಅನುಮಾನಿಸಿದರು. ಚರ್ಮದ ಡಾಕ್ಟರು ನೋಡಿ ಹೇಳಲಿ, ಆಮೇಲೆ ಆಪರೇಷನ್ ಎಂದು ಬರೆದು ಕಳಿಸಿದರು.

ಸುದ್ದಿ ವಾರ್ಡಿನಲ್ಲೆಲ್ಲ ಹರಡಿತು. ಪಕ್ಕದವರು ತಮ್ಮ ಮಂಚವನ್ನು ಅತ್ತ ಎಳೆದುಕೊಂಡರು. ಗಿಡ್ಡಮ್ಮನಿಗೆ ಅದು ಹೊಸದಲ್ಲ. ಮನೆಯಲ್ಲೂ ಅವಳ ತಾಟು ಬೇರೆ, ಚಂಬು ಬೇರೆ, ಹಾಸಿಗೆ ಹೊರಗಿನ ಜಗಲಿಯ ಮೇಲೆ. ಯಾರೂ ಹೇಳಿರಲಿಲ್ಲ; ಮೊದಲ ಮಚ್ಚೆ ಎದ್ದ ವರ್ಷ ತಾನೇ ಸರಿದು ಕೂತಿದ್ದಳು.

ಮರುದಿನ ಚರ್ಮದ ಡಾಕ್ಟರು ಸುಹಾಸಿನಿ ಬಂದರು. ಮಂಚದ ಮೇಲೇ ಕೂತು, ಮೊಣಕೈ ಹಿಡಿದು ನೋಡಿದರು, ತಲೆಗೂದಲು ಬಿಡಿಸಿ ನೋಡಿದರು, ಮುರಿದ ತೊಡೆಯ ಚರ್ಮವನ್ನೂ ನೋಡಿದರು. ಇನ್ನೊಬ್ಬರ ಕೈ ಮೈಗೆ ತಾಕಿ ಎಷ್ಟು ಕಾಲವಾಗಿತ್ತೋ, ಗಿಡ್ಡಮ್ಮ ಉಸಿರು ಬಿಗಿಹಿಡಿದಳು.

“ಇದು ಸೋರಿಯಾಸಿಸ್ ಅವ್ವ. ಪೂರ್ತಿ ಹೋಗಂಗಿಲ್ಲ, ಔಷಧಿಗೆ ಕಡಿಮಿ ಆಗ್ತೈತಿ. ಕೊಯ್ಯೋ ಜಾಗದಾಗ ಚರ್ಮ ಚಲೋ ಐತಿ, ಆಪರೇಷನ್ ಮಾಡ್ಬೋದು ಅಂತ ಬರೀತೀನಿ. ಇದು ಯಾರಿಗೂ ಅಂಟಂಗಿಲ್ಲ.”

“ಕೂಸಿಗೂ ಅಂಟಂಗಿಲ್ಲೇನ್ರಿ?”

“ಕೂಸಿಗೂ ಇಲ್ಲ. ಯಾವತ್ತೂ ಅಂಟಂಗಿಲ್ಲ.”

ಡಾಕ್ಟರು ಹೋದ ಮೇಲೆ ಗಿಡ್ಡಮ್ಮ ಗೋಡೆಗೆ ಮುಖ ತಿರುಗಿಸಿದಳು. ಮೊಮ್ಮಗಳು ಅಶ್ವಿನಿ ಅಂಬೆಗಾಲಿಟ್ಟು ಜಗಲಿಗೆ ಬಂದಾಗಲೆಲ್ಲ ಗದರಿಸಿ ಒಳಗೆ ಕಳಿಸಿದವಳು ತಾನೇ. ಆ ಮಗು ಈಗ ಶಾಲೆಗೆ ಹೋಗುತ್ತದೆ. ಅದನ್ನು ಒಮ್ಮೆಯೂ ಎತ್ತಿಕೊಂಡಿರಲಿಲ್ಲ.

ಸಂಜೆ ಉರುಕುಂದ ಬುತ್ತಿ ತಂದು ಕಾಲ ಬಳಿ ಇಟ್ಟು ದೂರ ನಿಂತ. ಡಾಕ್ಟರು ಹೇಳಿದ್ದನ್ನು ಅವಳು ತಿಳಿಸಿದಳು.

“ಹೌದಾ,” ಎಂದನೇ ಹೊರತು ನಿಂತಲ್ಲಿಂದ ಕದಲಲಿಲ್ಲ.

“ಅಶ್ವಿನಿನ ಒಮ್ಮೆ ಕರ್ಕೊಂಡು ಬಾರಪ್ಪ.”

“ಆಕಿ ಬರಂಗಿಲ್ಲವ್ವ. ನಿನ್ನ ಕಂಡ್ರ ಅಂಜ್ತಾಳ.”

“ನಾನೇ ಅಂಜಿಸೀನಿ. ನಾನೇ ಹೇಳ್ತೀನಿ. ಕರ್ಕೊಂಡು ಬಾ.”

ಆಪರೇಷನ್ ಆಗಿ ಕೆಲವು ದಿನಕ್ಕೆ ಮಗು ಬಂತು. ಅಪ್ಪನ ಅಂಗಿ ಹಿಡಿದು ಬಾಗಿಲಲ್ಲೇ ನಿಂತಿತು. ಗಿಡ್ಡಮ್ಮ ಕೈ ಚಾಚಿದಳು. ಮಗು ಆ ಕೈಯನ್ನೇ ನೋಡಿತು, ಬರಲಿಲ್ಲ.

“ಇರ್ಲಿ, ಅಲ್ಲೇ ನಿಂದ್ರು,” ಎಂದು ಕೈ ಇಳಿಸಿದಳು. “ಸಾಲ್ಯಾಗ ನಿನ್ನ ಮಗ್ಗುಲಕ ಯಾರು ಕುಂದ್ರತಾರ?”

ಮಗು ಅಲ್ಲಿಂದಲೇ ಗೆಳತಿಯ ಹೆಸರು ಹೇಳಿತು. ಮಾತು ನಿಂತರೆ ಅದು ಹೊರಟುಬಿಡುತ್ತದೆಂದು, ಆ ಗೆಳತಿಯ ಜೊತೆ ಏನು ಆಡುತ್ತೀ ಎಂದು ಗಿಡ್ಡಮ್ಮ ಮತ್ತೆ ಕೇಳಿದಳು.