ಮಿಲ್ಟ್ರಿ ಗಾಡಿಯ ತೊಟ್ಟಿ

ಜಯಚಂದ್ರ ಹಿಂದೂಪುರದಲ್ಲಿ ಹಲ್ಲಿನ ಸೆಟ್ಟು ಮಾಡುವವನು. ಡಾಕ್ಟರುಗಳು ರೋಗಿಯ ಬಾಯಿಯ ಅಚ್ಚು ತೆಗೆದು ಕಳಿಸಿದರೆ, ಮನೆಯ ಮುಂಗೋಣೆಯಲ್ಲಿ ಕೂತು ಮೇಣದಲ್ಲಿ ವಸಡು ತಿದ್ದಿ, ಹಲ್ಲು ಜೋಡಿಸಿ, ಬೇಯಿಸಿ, ಉಜ್ಜಿ ಹೊಳಪು ಕೊಟ್ಟು ವಾಪಸ್ಸು ಕಳಿಸುತ್ತಿದ್ದ. ಹರೆಯದಿಂದ ಬಗ್ಗಿಸಿಕೊಂಡೇ ಬಂದ ಕತ್ತು ಐವತ್ತೇಳರ ಹೊತ್ತಿಗೆ ನೆಟ್ಟಗಾಗುವುದನ್ನೇ ಮರೆತಿತ್ತು. ಈಚೆಗೆ ಕೆಲಸವೂ ಇಳಿದಿತ್ತು. ಬಾಯಿಯ ಅಳತೆಯನ್ನು ಕಂಪ್ಯೂಟರಿನಲ್ಲಿ ಹಿಡಿದು ಬೆಂಗಳೂರಿಗೆ ಕಳಿಸಿದರೆ ಅಲ್ಲಿ ಮೆಷಿನ್ನೇ ಹಲ್ಲು ಕೊರೆದು ಕೊಡುತ್ತದಂತೆ. ಅದರ ಬಗ್ಗೆ ಅವನಿಗೆ ಸಿಟ್ಟೇನೂ ಬರಲಿಲ್ಲ. ಸಿಟ್ಟು ಮಾಡಿಕೊಳ್ಳುವುದಕ್ಕೂ ಒಂದು ಶಕ್ತಿ ಬೇಕಲ್ಲ.

ಹಾಗೆ ಕೈ ಖಾಲಿಯಾದ ಬೇಸಗೆಯಲ್ಲಿ ಅವನು ಅಪ್ಪನ ಮೋಟಾರ್‌ಸೈಕಲ್ಲಿನ ಮಾದರಿ ಮಾಡಲು ಶುರು ಮಾಡಿದ.

ಅಪ್ಪ ಶ್ರೀರಾಮಪ್ಪ ದನದ ಆಸ್ಪತ್ರೆಯಲ್ಲಿ ಕಾಂಪೌಂಡರ್ ಆಗಿದ್ದರು. ಅವರ ಗಾಡಿ ಎರಡನೇ ಮಹಾಯುದ್ಧದ ಕಾಲದ ಬಿಎಸ್‌ಎ. ಬ್ರಿಟಿಷರ ಸೇನೆ ಬಿಟ್ಟುಹೋದದ್ದು ಕೈಯಿಂದ ಕೈಗೆ ದಾಟಿ, ಬೆಂಗಳೂರಿನ ಒಬ್ಬ ಗುಜರಿಯವನ ಹತ್ತಿರ ಅವರಿಗೆ ಸಿಕ್ಕಿತ್ತು. ಪಕ್ಕದಲ್ಲಿ ಒಂದು ಸೈಡ್‌ಕಾರ್ ಬೇರೆ. ಮನೆಯಲ್ಲಿ ಅದನ್ನು ತೊಟ್ಟಿ ಅನ್ನುತ್ತಿದ್ದರು. ಲೇಪಾಕ್ಷಿಯಿಂದ ಚಿಲಮತ್ತೂರಿನವರೆಗೆ ಯಾವ ಹಳ್ಳಿಯಲ್ಲಿ ಹಸು ಈಯಲಾರದೆ ಒದ್ದಾಡಿದರೂ ಆ ಗಾಡಿ ಗುಡುಗುಟ್ಟಿಕೊಂಡು ಹೋಗುತ್ತಿತ್ತು. ಹಿಂದಿನ ಸೀಟಿನಲ್ಲಿ ಅಪ್ಪನ ಸೊಂಟ ಹಿಡಿದು ಜಯಚಂದ್ರ. ತೊಟ್ಟಿಯಲ್ಲಿ ಔಷಧದ ಪೆಟ್ಟಿಗೆ, ಪೆಟ್ಟಿಗೆಯ ಜೊತೆಗೆ ತಮ್ಮ ಚಂದ್ರಮೋಹನ.

ನಿಜವಾದ ಗಾಡಿಯ ಎಂಟನೇ ಒಂದು ಪಾಲು ಅಳತೆಗೆ ಮಾದರಿ ಮಾಡುವುದೆಂದು ಜಯಚಂದ್ರ ಲೆಕ್ಕ ಹಾಕಿದ. ಚಕ್ರದ ಕಡ್ಡಿಗಳಿಗೆ ವಕ್ರ ಹಲ್ಲಿಗೆ ಕಟ್ಟುವ ಸ್ಟೀಲ್ ತಂತಿ. ಟೈರಿಗೆ ಅಚ್ಚು ತೆಗೆಯುವ ರಬ್ಬರು. ಪೆಟ್ರೋಲ್ ಟ್ಯಾಂಕನ್ನು ಮೇಣದಲ್ಲಿ ಕೆತ್ತಿ, ಅದರ ಅಚ್ಚಿಗೆ ಸೆಟ್ಟಿನ ಪ್ಲಾಸ್ಟಿಕ್ ತುಂಬಿ, ಹಲ್ಲಿನ ಸೆಟ್ಟು ಬೇಯಿಸುವ ಡಬ್ಬಿಯಲ್ಲೇ ಬೇಯಿಸಿದ. ಅದು ವಸಡಿನ ಗುಲಾಬಿ ಬಣ್ಣದಲ್ಲಿ ಹೊರಬಂತು. ಹೆಂಡತಿ ಶೋಭಾರಾಣಿ ನೋಡಿ, "ಇದೇನ್ರೀ, ಗಾಡಿಗೂ ಬಾಯಿ ಬಂತಾ?" ಅಂದಳು. ಮಿಲ್ಟ್ರಿ ಹಸಿರು ಬಳಿಯುವ ತನಕ ಅವನು ಅದರ ಮೇಲೆ ಬಟ್ಟೆ ಮುಚ್ಚಿಡುತ್ತಿದ್ದ.

ಎಂಜಿನ್ನಿನ ಸುತ್ತಲ, ಬಿಸಿ ಆರಿಸುವ ಗಾಳಿಯ ರೆಕ್ಕೆಗಳಿಗೆ ಹಿತ್ತಾಳೆ ತಗಡನ್ನು ಒಂದೊಂದಾಗಿ ಕತ್ತರಿಸಿ, ಅರ ಹಾಕಿ ಪೋಣಿಸಿದ. ಮುಂದಿನ ಫೋರ್ಕಿನ ಸ್ಪ್ರಿಂಗನ್ನು ಮೂರು ಸಲ ಸುತ್ತಿ ಮೂರು ಸಲ ಬಿಚ್ಚಿದ. ಒಂದೊಂದು ದಿನ ಬೆನ್ನು ನೋವಿಗೆ ಏಳಲಾರದೆ, ಎರಡೂ ಕೈ ಮೇಜಿಗೂರಿ ಸುಮ್ಮನೆ ಕೂತಿರುತ್ತಿದ್ದ. ಮಾದರಿ ಚೆನ್ನಾಗಿ ಬರುತ್ತಿತ್ತು. ಆದರೆ ಅದನ್ನು ನೋಡಿ ಖುಷಿಯಾಗಬೇಕಾದ ಜಾಗದಲ್ಲಿ ಅವನಿಗೆ ದಣಿವೇ ಆಗುತ್ತಿತ್ತು. ಯಾಕೆ ಮಾಡುತ್ತಿದ್ದೇನೆ ಅಂತ ಒಮ್ಮೊಮ್ಮೆ ಕೇಳಿಕೊಳ್ಳುತ್ತಿದ್ದ. ಉತ್ತರ ಬರುವ ಮೊದಲೇ ಇಕ್ಕಳ ಕೈಗೆ ತೆಗೆದುಕೊಳ್ಳುತ್ತಿದ್ದ.

ಅಪ್ಪ ತೀರಿಕೊಳ್ಳುವ ಮುಂಚೆ ಮನೆಯನ್ನು ಜಯಚಂದ್ರನಿಗೂ ಗಾಡಿಯನ್ನು ಚಂದ್ರಮೋಹನನಿಗೂ ಅಂತ ಹೇಳಿ ಹೋಗಿದ್ದರು. ಆ ಗಾಡಿಯ ಎಂಜಿನ್ನಿನ ಒಂದೊಂದು ಬೋಲ್ಟೂ ಗೊತ್ತಿದ್ದವನು ಜಯಚಂದ್ರ. ಚಂದ್ರಮೋಹನನಿಗೆ ಕಿಕ್ ಹೊಡೆದು ಸ್ಟಾರ್ಟ್ ಮಾಡಲೂ ಬರುತ್ತಿರಲಿಲ್ಲ. ಅವನು ಗಾಡಿಯನ್ನು ಲಾರಿಗೆ ಹಾಕಿಸಿಕೊಂಡು ತಾನಿದ್ದ ಕಲ್ಯಾಣದುರ್ಗಕ್ಕೆ ಒಯ್ದ. ಎರಡು ಮಳೆಗಾಲ ಕಳೆದ ಮೇಲೆ, ಹಳೇ ಗಾಡಿ ಕೂಡಿಡುವ ಯಾರಿಗೋ ಅದನ್ನು ಮಾರಿದ ಸುದ್ದಿ ಬೇರೆಯವರ ಬಾಯಿಂದ ಜಯಚಂದ್ರನಿಗೆ ಗೊತ್ತಾಯಿತು. ಅಂದಿನಿಂದ ಅಣ್ಣತಮ್ಮಂದಿರ ನಡುವೆ ಮಾತಿಲ್ಲ. ಚಂದ್ರಮೋಹನ ಅಮ್ಮನಿಗೆ ಫೋನು ಮಾಡುತ್ತಿದ್ದ. ಫೋನು ಬಂದಾಗ ಜಯಚಂದ್ರ ಎದ್ದು ಹೊರಗೆ ಹೋಗುತ್ತಿದ್ದ. ಹೀಗೇ ಎಂಟು ಒಂಬತ್ತು ವರ್ಷ.

ಒಂದು ಬೆಳಿಗ್ಗೆ ಅಮ್ಮ ನರಸಕ್ಕ ಗೋಡೆ ಹಿಡಿದುಕೊಂಡು ಮುಂಗೋಣೆಗೆ ಬಂದಳು. ಆಗ ಸೈಡ್‌ಕಾರಿನ ಹೊರಮೈ ಮುಗಿದಿತ್ತು. ಅವಳು ಕನ್ನಡಕ ಏರಿಸಿ ಬಗ್ಗಿ ನೋಡಿದಳು.

"ಲೇ ಜಯ, ತೊಟ್ಟಿ ಒಳಗೆ ಏನೂ ಇಲ್ಲವಲ್ಲೋ."

"ಒಳಗೆ ಏನಿತ್ತಮ್ಮಾ?"

"ಸೀಟಿತ್ತು. ಇನ್ನೂ ಏನೇನೋ ಇತ್ತು."

"ಏನೇನು ಅಂತ ಸರಿಯಾಗಿ ಹೇಳು. ನೀನೂ ಕೂತಿದ್ದೆಯಲ್ಲ."

"ನಾನೆಲ್ಲಿ ನೋಡ್ದೆ! ನಿಮ್ಮಪ್ಪ ಓಡಿಸೋ ಓಟಕ್ಕೆ ಕಣ್ಮುಚ್ಕಂಡು ದೇವ್ರನ್ನ ನೆನೀತಿದ್ದೆ. ಚಂದ್ರನ್ನ ಕೇಳು. ಅವನೇ ಕಣ್ಲಾ ಯಾವಾಗ್ಲೂ ಅದ್ರಾಗೆ ಬಿದ್ದಿರ್ತಿದ್ದೋನು."

ಜಯಚಂದ್ರ ಮೊಬೈಲಿನಲ್ಲಿ ಹುಡುಕಿದ. ಬೇರೆ ಬೇರೆ ದೇಶದ ಸೈಡ್‌ಕಾರುಗಳ ಚಿತ್ರ ಬೇಕಾದಷ್ಟು ಇದ್ದವು, ಅಪ್ಪನದು ಯಾವುದನ್ನೂ ಹೋಲುತ್ತಿರಲಿಲ್ಲ. ಕಣ್ಣು ಮುಚ್ಚಿ ನೆನೆದರೆ ಅವನಿಗೆ ಅಪ್ಪನ ಬೆನ್ನು ಕಾಣುತ್ತಿತ್ತು, ಬೆವರಿಗೆ ಅಂಟಿದ ಖಾಕಿ ಅಂಗಿ ಕಾಣುತ್ತಿತ್ತು. ತೊಟ್ಟಿಯ ಒಳಗನ್ನು ಅವನು ಒಮ್ಮೆಯೂ ಗಮನವಿಟ್ಟು ನೋಡಿರಲಿಲ್ಲ. ಒಂದು ವಾರ ಖಾಲಿ ತೊಟ್ಟಿಯನ್ನು ಮೇಜಿನ ಮೇಲಿಟ್ಟುಕೊಂಡು ಕೂತ. ಆಮೇಲೆ ಅದನ್ನು ಹತ್ತಿಯಲ್ಲಿ ಸುತ್ತಿ, ಸಿಹಿತಿಂಡಿಯ ಖಾಲಿ ಡಬ್ಬಿಯೊಳಗಿಟ್ಟು, ಕಲ್ಯಾಣದುರ್ಗಕ್ಕೆ ಹೊರಟ.

ಮಡಕಶಿರಾದಲ್ಲಿ ಒಂದು ಬಸ್ಸು, ಪಾವಗಡದಲ್ಲಿ ಇನ್ನೊಂದು. ಕಂಬದೂರು ದಾಟುವಾಗ ರಸ್ತೆಗಿಳಿದ ಕುರಿ ಹಿಂಡಿಗೆ ಬಸ್ಸು ನಿಂತಿತು. ಅಲ್ಲೇ ಇಳಿದು ವಾಪಸ್ಸು ಹೋಗಿಬಿಡಲೇ ಅನ್ನಿಸಿತು. ಆದರೆ ಎದ್ದು ನಿಲ್ಲಲು ಬೇಜಾರಾಗಿ ಕೂತೇ ಇದ್ದ.

ಚಂದ್ರಮೋಹನನದು ಆಟೋಗಳಿಗೆ ಸೀಟ್ ಕವರ್ ಹೊಲಿಯುವ ಅಂಗಡಿ. ಅಂಗಡಿಯ ಹಿಂದೆಯೇ ಮನೆ. ಜಯಚಂದ್ರ ಹೋದಾಗ ಅವನು ನೆಲದ ಮೇಲೆ ರೆಕ್ಸಿನ್ ಹರಡಿ ಮಂಡಿಯೂರಿ ಕತ್ತರಿಸುತ್ತಿದ್ದ. ತಲೆ ಪೂರ್ತಿ ಬೆಳ್ಳಗಾಗಿತ್ತು. ತಲೆಯೆತ್ತಿ ನೋಡಿದ, ಕತ್ತರಿ ಕೆಳಗಿಟ್ಟ.

"ಅಮ್ಮಂಗೇನಾಯ್ತು?" ಅಂದ.

"ಏನೂ ಆಗಿಲ್ಲ. ಚೆನ್ನಾಗವಳೆ."

ಚಂದ್ರಮೋಹನ ಅಲ್ಲೇ ಉಸಿರು ಬಿಟ್ಟು ಕೂತುಬಿಟ್ಟ. ಒಳಗಿನಿಂದ ಅವನ ಹೆಂಡತಿ ಶಿರೀಷಾ ಕುಂಟುತ್ತಾ ಬಂದಳು. ಅವಳಿಗೆ ಸೊಂಟದ ಆಪರೇಷನ್ ಆಗಿತ್ತು. ಅವಳು ತೆಲುಗು ಮನೆಯವಳು. "ರಂಡಿ ಬಾವಗಾರು, ಕೂರ್ಚೋಂಡಿ," ಅಂತ ಭಾವನನ್ನು ಬನ್ನಿ ಕೂರಿ ಎಂದು ಕರೆದು, ಕುರ್ಚಿ ಎಳೆದು ಹಾಕಿ, ಮತ್ತೇನೂ ಕೇಳದೆ ಟೀ ಇಡಲು ಹೋದಳು.

ಜಯಚಂದ್ರ ಡಬ್ಬಿ ತೆರೆದು ತೊಟ್ಟಿಯನ್ನು ತಮ್ಮನ ಮುಂದಿಟ್ಟ. "ಅಪ್ಪನ ಗಾಡಿ ಮಾಡ್ತಾ ಇದೀನಿ. ಇದ್ರ ಒಳಗೆ ಹೆಂಗಿತ್ತು ಅಂತ ನಂಗೊತ್ತಿಲ್ಲ. ನಿನ್ನ ಕೇಳು ಅಂದ್ಳು ಅಮ್ಮ."

ಚಂದ್ರಮೋಹನ ತೊಟ್ಟಿಯನ್ನು ಕೈಗೆ ತೆಗೆದುಕೊಂಡು ತಿರುಗಿಸಿ ತಿರುಗಿಸಿ ನೋಡಿದ. ಆಟೋದವನೊಬ್ಬ ಬಂದು, "ಅನ್ನಾ, ನಾ ಸೀಟು ಎಪ್ಪುಡಿಸ್ತಾವು?" ಅಂತ ಸೀಟು ಯಾವಾಗ ಸಿಗುತ್ತದೆಂದು ಕೇಳಿದಾಗ, "ರೇಪು ರಾ," ಅಂತ ತಲೆಯೆತ್ತದೆಯೇ ಅವನನ್ನು ನಾಳೆಗೆ ಸಾಗಹಾಕಿದ.

"ಮೂತಿ ಸರಿಯಾಗಿ ಬಂದೈತೆ," ಅಂದ ಕೊನೆಗೆ. "ಒಳಗೆ ಕೆಂಪು ರೆಕ್ಸಿನ್ ಸೀಟು. ಬಲಗಡೆ ಹರಿದಿತ್ತು, ತೆಂಗಿನ ನಾರು ಈಚೆ ಬಂದಿತ್ತು. ಚಡ್ಡಿ ಹಾಕ್ಕಂಡು ಕೂತ್ರೆ ಚುಚ್ಚೋದು."

"ಆಮೇಲೆ?"

"ಕಾಲಿಡೋ ತಾವು ತಗಡು ತುಕ್ಕು ಹಿಡಿದು ತೂತು ಬಿದ್ದಿತ್ತು. ಇಷ್ಟಗಲ." ಅಂಗೈ ಅಗಲಿಸಿ ತೋರಿಸಿದ. "ನಿಂಗೆ ಗೊತ್ತಿಲ್ಲ. ನೀನು ಮ್ಯಾಲೆ ಕೂತು ಗುಡ್ಡ ಬೆಟ್ಟ ನೋಡ್ಕಂಡು ಬರ್ತಿದ್ದೆ. ನಾನು ಆ ತೂತಿನಾಗೆ ರಸ್ತೆ ನೋಡ್ತಿದ್ದೆ. ಕಲ್ಲು, ಮಣ್ಣು, ಸಗಣಿ, ಎಲ್ಲಾ ಗೆರೆ ಎಳ್ದಂಗೆ ಓಡೋದು. ಡಾಂಬರು ಬಂತು ಅಂದ್ರೆ ಊರು ಬಂತು ಅಂತ ಗೊತ್ತಾಗೋದು. ಮಳೆ ಬಂದ್ರೆ ಕೆಸರೆಲ್ಲಾ ಮೊಕಕ್ಕೆ."

"ಅಪ್ಪಂಗೆ ಹೇಳ್ಲಿಲ್ವಾ?"

"ಹೇಳ್ದೆ. ಪೆಟ್ಟಿಗೆ ಬಿದ್ದೋಗಲ್ವಲ್ಲ, ಬಿಡು ಅಂದ."

ಜಯಚಂದ್ರನಿಗೆ ನಗು ಬಂತು. ತಮ್ಮ ನಗಲಿಲ್ಲವೆಂದು ಕಂಡು ನಿಲ್ಲಿಸಿದ. ಶಿರೀಷಾ ಟೀ ತಂದಿಟ್ಟು ಒಳಗೆ ಹೋದಳು.

"ಮತ್ತೆ ಯಾಕ್ಲಾ ಮಾರ್ದೆ?" ಅಂದ ಜಯಚಂದ್ರ. ಕೇಳಬಾರದು ಅಂತ ದಾರಿಯುದ್ದಕ್ಕೂ ಅಂದುಕೊಂಡು ಬಂದದ್ದು ಅದು. "ನಂಗೊಂದು ಮಾತು ಹೇಳಿದ್ರೆ ನಾನೇ ತಗಂಡೋಯ್ತಿದ್ನಲ್ಲ."

"ಅದಕ್ಕೇ ಹೇಳ್ಲಿಲ್ಲ." ಚಂದ್ರಮೋಹನನ ದನಿಯಲ್ಲಿ ಜಗಳವಿರಲಿಲ್ಲ. "ಎರಡು ಮಳೆಗಾಲ ಬೀದಿಯಾಗೆ ನೆನೀತಾ ನಿಂತಿತ್ತು. ನಂಗೆ ಓಡಿಸಕ್ಕೆ ಬರಲ್ಲ, ರಿಪೇರಿ ಬರಲ್ಲ. ನಿಂಗೆ ಕೊಟ್ಟಿದ್ರೆ ಅಪ್ಪನ ಮನೆ, ಅಪ್ಪನ ಗಾಡಿ, ಅಮ್ಮ, ಎಲ್ಲಾ ಹಿಂದೂಪುರದಾಗೆ ಇದ್ದಂಗಾಗೋದು. ಅಪ್ಪ ನಂಗೇನು ಕೊಟ್ಟಂಗಾಯ್ತು? ಮಾರಿದ್ರೆ ಯಾರ್ದೂ ಅಲ್ಲ ಅಂತ ಆಗೋಯ್ತದೆ ಅಂತ ಮಾರ್ಬುಟ್ಟೆ."

"ಅಪ್ಪ ಯಾಕೆ ನಿಂಗೆ ಕೊಟ್ಟನೋ ನಂಗೆ ಇವತ್ತಿಗೂ ತಿಳಿದಿಲ್ಲ."

"ನಂಗೂ ತಿಳಿದಿಲ್ಲ ಕಣಣ್ಣ. ಬೇಕು ಅಂತ ನಾನೇನು ಕೇಳಿದ್ನಾ? ಹೋಗೋನು ಹೇಳ್ಬುಟ್ಟು ಹೋದ. ನಾವು ಹೊತ್ಕಂಡು ತಿರುಗ್ತಾ ಇದೀವಿ."

ಇಬ್ಬರೂ ಟೀ ಕುಡಿದರು. ಜಯಚಂದ್ರ ಇಷ್ಟು ವರ್ಷ ಮನಸ್ಸಿನೊಳಗೇ ಕಟ್ಟಿಟ್ಟುಕೊಂಡಿದ್ದ ಜಗಳಕ್ಕೆ ಇಲ್ಲಿ ಎದುರಾಳಿಯೇ ಇರಲಿಲ್ಲ. ತನ್ನಷ್ಟೇ ಸುಸ್ತಾದ, ಬೆರಳ ತುದಿಗೆಲ್ಲ ಸೂಜಿ ಗಾಯದ ಒಬ್ಬ ಮನುಷ್ಯ ಕೂತಿದ್ದ, ಅಷ್ಟೇ.

"ಇದನ್ನ ಇಲ್ಲೇ ಬಿಟ್ಟೋಗು," ಅಂದ ಚಂದ್ರಮೋಹನ. "ಸೀಟು ನಾನು ಮಾಡ್ತೀನಿ. ನಿಂಗೆ ಆ ಹೊಲಿಗೆ ಬರಲ್ಲ."

ಜಯಚಂದ್ರ ತೊಟ್ಟಿಯ ಅಂಚಿನ ಮೇಲೆ ಒಮ್ಮೆ ಬೆರಳಾಡಿಸಿದ. ತಿಂಗಳುಗಟ್ಟಲೆ ತಿದ್ದಿದ ಕೆಲಸ ಅದು. ಆಮೇಲೆ ಹತ್ತಿಯನ್ನೂ ಡಬ್ಬಿಯನ್ನೂ ಅಲ್ಲೇ ಬಿಟ್ಟು, "ಹೋಯ್ತೀನಿ" ಅಂತ ಎದ್ದ.

ಹದಿನೈದು ದಿನ ಕಳೆಯಿತು, ಒಂದು ತಿಂಗಳಾಯಿತು, ಸುದ್ದಿಯಿಲ್ಲ. ಜಯಚಂದ್ರ ಗಾಡಿಯ ಬಣ್ಣ ಮುಗಿಸಿದ. ಸೈಡ್‌ಕಾರ್ ಜೋಡಿಸುವ ಕೊಂಡಿಗಳನ್ನು ಬೆಸೆದಿಟ್ಟು ಕಾದ. ಅಮ್ಮನಿಗೆ ಫೋನು ಬಂದಾಗ ಈಗ ಅವನು ಹೊರಗೆ ಹೋಗುತ್ತಿರಲಿಲ್ಲ, ಆದರೂ ಫೋನು ಕೇಳಿ ತೆಗೆದುಕೊಳ್ಳುತ್ತಲೂ ಇರಲಿಲ್ಲ. ಒಂದು ದಿನ ಅಮ್ಮನೇ ಅದನ್ನು ಅವನ ಕಿವಿಗೆ ಹಿಡಿದಳು.

"ಆಗಿಲ್ಲ ಕಣಣ್ಣ," ಅಂದಿತು ಆ ಕಡೆಯ ದನಿ. "ಎರಡು ಸಲ ಮಾಡ್ದೆ, ಸರಿಯಾಗ್ಲಿಲ್ಲ. ಕಣ್ಣು ಮಂಜು. ಶಿರೀಷನ್ನ ಬ್ಯಾರೆ ಆಸ್ಪತ್ರೆಗೆ ಕರ್ಕಂಡು ಓಡಾಡ್ತಾ ಇದೀನಿ."

"ಆಗದಿದ್ರೆ ಬಿಡ್ಲಾ. ಅರ್ಜೆಂಟೇನಿಲ್ಲ."

"ಬಿಡಲ್ಲ," ಅಂದು ಚಂದ್ರಮೋಹನ ಫೋನಿಟ್ಟ.

ದಸರೆ ಕಳೆದ ಮೇಲಿನ ಒಂದು ಭಾನುವಾರ ಅವನೇ ಬಂದ. ಮೊದಲ ಬಸ್ಸು ಹಿಡಿದು, ದಾರಿಯುದ್ದಕ್ಕೂ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಬಂದಿದ್ದ. ಜಗುಲಿ ಹತ್ತುವಾಗ ಮಂಡಿ ಹಿಡಿದುಕೊಂಡು ನಿಂತ. ಅಮ್ಮ ಅವನ ಕೆನ್ನೆ, ಕತ್ತು, ತೋಳು ಎಲ್ಲ ಮುಟ್ಟಿ ನೋಡಿ, "ಎಷ್ಟು ಬಡವಾಗ್ಬುಟ್ಟೆ ಕಣ್ಲಾ," ಅಂದಳು. ಶೋಭಾರಾಣಿ ಕೈಕಾಲಿಗೆ ನೀರು ಕೊಟ್ಟಳು. ಯಾರೂ ಹಳೆಯ ಮಾತು ತೆಗೆಯಲಿಲ್ಲ.

ಜಯಚಂದ್ರ ಡಬ್ಬಿ ತೆರೆದ. ಪುಟ್ಟ ಕೆಂಪು ಸೀಟು, ಅಂಚಿಗೆ ಉಗುರಿಗಿಂತ ಸಣ್ಣ ಹೊಲಿಗೆ. ಬಲಗಡೆ ಬೇಕೆಂದೇ ಹರಿದು, ಒಳಗಿನಿಂದ ನಿಜವಾದ ತೆಂಗಿನ ನಾರಿನ ಎಳೆಗಳನ್ನು ಹೊರಗೆ ಬಿಟ್ಟಿದ್ದ. ತಳದಲ್ಲಿ, ಕಾಲಿಡುವ ಜಾಗದಲ್ಲಿ, ಕಾದ ಸೂಜಿಯಿಂದ ಅಂಕುಡೊಂಕಾಗಿ ಸುಟ್ಟ ತೂತು. ಜಯಚಂದ್ರ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದ. ಅಷ್ಟು ಕಷ್ಟಪಟ್ಟು ನುಣುಪು ಮಾಡಿದ ತಳವನ್ನು ತಮ್ಮ ಸುಟ್ಟಿದ್ದಾನಲ್ಲ ಅಂತ ಮೊದಲು ಎದೆ ಚುಳ್ಳೆಂದಿತು. ಆಮೇಲೆ, ಇಡೀ ಗಾಡಿಯಲ್ಲಿ ಅಪ್ಪನ ಗಾಡಿ ಅಂತ ಅನ್ನಿಸಿದ ಜಾಗ ಅದೊಂದೇ ಎಂದು ಅವನಿಗೆ ಗೊತ್ತಾಯಿತು.

"ತುಕ್ಕಿನ ಬಣ್ಣ ಬೇಕು ಸುತ್ತ," ಅಂದ.

"ಅದು ನಿನ್ನ ಕೆಲ್ಸ," ಅಂದ ಚಂದ್ರಮೋಹನ.

ಇಬ್ಬರೂ ಮೇಜಿನ ಎರಡು ಕಡೆ ಕೂತು ಜೋಡಿಸಿದರು. ತಮ್ಮ ತೊಟ್ಟಿಯನ್ನು ಹಿಡಿದುಕೊಂಡ, ಅಣ್ಣ ಕೊಂಡಿ ಬಿಗಿದ. ಮುಗಿದಾಗ ತೊಟ್ಟಿ ಕೂದಲೆಳೆಯಷ್ಟು ಹೊರಕ್ಕೆ ವಾಲಿತ್ತು. ಬಿಚ್ಚಿ ಮತ್ತೆ ಕಟ್ಟಬೇಕಿತ್ತು. ಜಯಚಂದ್ರ ಇಕ್ಕಳ ಎತ್ತಿಕೊಂಡವನು ಮತ್ತೆ ಕೆಳಗಿಟ್ಟ.

"ಸಾಕು ಬಿಡು," ಅಂದ.

ಅಮ್ಮ ಬಂದು ನೋಡಿದಳು. ಬೆರಳಿನಿಂದ ಹ್ಯಾಂಡಲ್ ಮುಟ್ಟಿದಳು. "ಇಷ್ಟು ಸಣ್ಣದಾಗಿದ್ದಿದ್ರೆ ಎಷ್ಟು ಚೆನ್ನಾಗಿತ್ತು," ಅಂದಳು. "ಆ ಸದ್ದಿಗೆ ನನ್ನ ಕಿವಿನೇ ಹೋಯ್ತು." ಅಣ್ಣತಮ್ಮಂದಿರು ಒಟ್ಟಿಗೆ ನಕ್ಕರು. ನಗು ಬೇಗ ಮುಗಿಯಿತು, ಆದರೆ ಮುಗಿದ ಮೇಲೆ ಕೋಣೆಯಲ್ಲಿ ಮುಜುಗರ ಇರಲಿಲ್ಲ.

ಮಧ್ಯಾಹ್ನ ಮುದ್ದೆ, ಉಪ್ಪುಸಾರು ಉಂಡು ಇಬ್ಬರೂ ನಡುಮನೆಯಲ್ಲಿ ಚಾಪೆ ಹಾಸಿಕೊಂಡರು. ಶಿರೀಷಾಳ ಮಾತ್ರೆಗಳ ಬಗ್ಗೆ, ಅಮ್ಮನ ಕಣ್ಣಿನ ಪೊರೆಯ ಬಗ್ಗೆ ಸ್ವಲ್ಪ ಮಾತಾಡಿದರು. ಚಂದ್ರಮೋಹನ ಒಂದು ವಾಕ್ಯದ ನಡುವೆಯೇ ನಿದ್ದೆ ಹೋದ. ಜಯಚಂದ್ರ ಫ್ಯಾನು ನೋಡುತ್ತಾ ಮಲಗಿದ್ದ. ಕತ್ತು ಎಂದಿನಂತೆ ನೋಯುತ್ತಿತ್ತು.

ಬಿಸಿಲು ಇಳಿಯುವ ಹೊತ್ತಿಗೆ ಶೋಭಾರಾಣಿ ಬಾಗಿಲಲ್ಲಿ ನಿಂತು, "ಪಾವಗಡದ ಬಸ್ಸಿಗೆ ಹೊತ್ತಾಯ್ತು, ಎಬ್ಬಿಸ್ರೀ," ಅಂದಳು.

ಜಯಚಂದ್ರ ಮಲಗಿದ್ದಲ್ಲಿಂದಲೇ ಬೇಡವೆಂದು ಕೈ ಆಡಿಸಿದ.

"ಮಲಗ್ಲಿ ಬಿಡು. ಇನ್ನೊಂದು ಬಸ್ಸೈತೆ."