ತಲೆ ಸರಿಯಿದೆ ಎಂಬ ಚೀಟಿ

ಸೋನುಬಾಯಿ ರೊಟ್ಟಿ ಬಡಿಯುತ್ತ ಕೂತಿದ್ದಳು. ಮೋರಖಂಡಿಯಿಂದ ಬಸವಕಲ್ಯಾಣದ ಶಾಲೆಗೆ ಹೋಗಿದ್ದ ಮಗಳು ವಿಶಾಖಾ ಮಧ್ಯಾಹ್ನವೇ ಪಾಟಿಚೀಲ ಹೊತ್ತು ಮರಳಿ ಬಂದಳು.

"ಯಾಕ ಬಂದಿ?"

"ಸರ್ ಕಳಿಸ್ಯಾರ. ತಲಿ ಸರಿ ಅದ ಅಂತ ಡಾಕ್ಟರ್ ಬರದು ಕೊಟ್ಟ ಮ್ಯಾಲೇ ಬಾ ಅಂದಾರ."

ಅಪ್ಪ ಮಚ್ಚೇಂದ್ರ ಕಾಮಾಲೆಯಾಗಿ ತೀರಿಕೊಂಡ ಮೇಲೆ ಹುಡುಗಿ ಮಂಕಾಗಿದ್ದಳು. ಯಾಕೆ ಹೀಗಿದ್ದೀ ಎಂದು ವಿದ್ಯಾವತಿ ಟೀಚರ್ ಅಕ್ಕರೆಯಿಂದ ಕೇಳಿದಾಗ, ಒಮ್ಮೊಮ್ಮೆ ಬದುಕುವುದೇ ಬೇಡ ಅನಿಸುತ್ತದೆ ಎಂದು ಬಾಯಿಬಿಟ್ಟಿದ್ದಳು. ಹೇಳಿದ್ದು ಅಷ್ಟೇ. ಮಾತು ಹೆಡ್‌ಮಾಸ್ಟರರವರೆಗೂ ಹೋಯಿತು. ಕೇಳಿದವರಿಗೆ ಕನಿಕರಕ್ಕಿಂತ ಭಯವೇ ಹೆಚ್ಚಾಯಿತು. ಹತ್ತನೆಯ ತರಗತಿಯ ಪರೀಕ್ಷೆ ಎದುರಿಗಿತ್ತು.

ತಲೆ ಸರಿಯಿದೆಯೋ ಇಲ್ಲವೋ ನೋಡಬೇಕಾದರೆ ತಲೆಯ ಫೋಟೊವನ್ನೇ ತೆಗೆಸಬೇಕಲ್ಲವೇ? ಸೋನುಬಾಯಿ ಕೂಲಿ ಬಿಟ್ಟು, ಮಗಳನ್ನು ಹುಮನಾಬಾದಿಗೆ ಕರೆದೊಯ್ದು ಎಕ್ಸ್‌ರೇ ತೆಗೆಸಿದಳು. ಅದನ್ನು ಸೆರಗಿನಲ್ಲಿ ಜೋಪಾನವಾಗಿ ತಂದು ಹೆಡ್‌ಮಾಸ್ಟರ್ ಮಹಾರುದ್ರಪ್ಪನವರ ಮೇಜಿನ ಮೇಲಿಟ್ಟಳು.

"ನೋಡ್ರಿ ಸರ್, ಎಲ್ಲೀ ಒಡದಿಲ್ಲ. ಎಲ್ಲಾ ಬರಾಬರ್ ಅದ ಅಂದಾರ."

ಗುಮಾಸ್ತ ಕಿಸಕ್ಕನೆ ನಕ್ಕ. ಮಹಾರುದ್ರಪ್ಪ ನಗಲಿಲ್ಲ.

"ಇದರಾಗ ಮನಸ್ಸು ಕಾಣಂಗಿಲ್ಲವ್ವಾ. ಮನಸ್ಸಿನ ಡಾಕ್ಟರ್ ಬರದು ಕೊಡಬೇಕು. ನಾಳಿ ಸಾಲ್ಯಾಗ ಏನರೆ ಮಾಡ್ಕೊಂಡ್ರ ನಾ ಜೈಲಿಗಿ ಹೋಗಬೇಕಾಗ್ತದ. ನನಗೂ ಹೆಂಡ್ತಿ ಮಕ್ಕಳಿದ್ದಾರ."

"ನಾ ಕೂಲಿಗಿ ಹೋದ್ರ ಮನ್ಯಾಗ ಒಬ್ಬಾಕಿನೇ ಇರ್ತಾಳ್ರಿ. ಇಲ್ಲಿ ನಾಕ ಮಂದಿಯರೆ ಇರ್ತಾರ."

ಅವರು ಬೀದರಿನ ಮನಸ್ಸಿನ ಡಾಕ್ಟರ ವಿಳಾಸ ಬರೆದು ಮುಂದೆ ಚಾಚಿದರು.

ಬೀದರಿನ ಡಾಕ್ಟರು ಒಳ್ಳೆಯವರೇ. ಆದರೆ ಕೆಲವು ತಿಂಗಳು ನೋಡದೆ ಬರೆದುಕೊಡಲಾರೆ ಎಂದರು. ಪರೀಕ್ಷೆ ಯಾರಿಗಾಗಿಯೂ ಕಾಯಲಿಲ್ಲ. ಜೊತೆಯ ಹುಡುಗಿಯರು ಪಾಸಾಗಿ ಕಾಲೇಜು ಸೇರಿದರು. ಚೀಟಿ ಕೈಗೆ ಬಂದದ್ದು ಮಳೆಗಾಲದಲ್ಲಿ. ವಿಶಾಖಾ ತನಗಿಂತ ಚಿಕ್ಕವರ ನಡುವೆ ಮತ್ತೆ ಹತ್ತನೆಯ ತರಗತಿಯಲ್ಲಿ ಕೂತಳು.

"ಈಗ ಹ್ಯಾಂಗಿದ್ದಿ?" ಎಂದು ಮಹಾರುದ್ರಪ್ಪ ಕೇಳಿದ್ದಕ್ಕೆ ನಗುನಗುತ್ತ, "ಛಲೋ ಇದ್ದೀನ್ರಿ ಸರ್" ಎಂದಳು. ಅವರ ಎದೆ ಹಗುರಾಯಿತು. ಪಕ್ಕದಲ್ಲಿ ನಿಂತಿದ್ದ ಸೋನುಬಾಯಿಯದೂ ಆಯಿತು.

ಸಂಜೆ ಮಗಳ ತಲೆ ಬಾಚುತ್ತ ಸೋನುಬಾಯಿ ಕೇಳಿದಳು: "ಅಪ್ಪ ನೆನಪಾಗ್ತಾನೇನ?"

"ಇಲ್ಲವ್ವ. ಛಲೋ ಇದ್ದೀನಿ."

ಅದೇ ನಗು. ಮಹಾರುದ್ರಪ್ಪನವರ ಎದುರು ನಕ್ಕದ್ದೂ ಹೀಗೇ. ಗಂಡ ಸತ್ತಾಗಿನಿಂದ ಮಗಳೆದುರು ಅವಳು ಅತ್ತಿರಲಿಲ್ಲ. ಕೂಸು ಧೈರ್ಯಗೆಟ್ಟೀತೆಂದು ಹಲ್ಲು ಕಚ್ಚಿ ನುಂಗಿಕೊಂಡಿದ್ದಳು. ಇಂದು ಹಣಿಗೆ ಕೆಳಗಿಟ್ಟಳು. "ನನಗ ಭಾಳ ನೆನಪಾಗ್ತಾನ, ತಾಯಿ" ಎಂದವಳೇ ಗೊಳೋ ಎಂದು ಅತ್ತಳು. ನೀನೂ ಅಳು ಎಂದು ಮಗಳನ್ನು ಎದೆಗೆಳೆದುಕೊಂಡಳು.

ವಿಶಾಖಾ ಬಿಡಿಸಿಕೊಂಡು ಎದ್ದು ಹೋಗಿ ಬಾಗಿಲ ಚಿಲಕ ಹಾಕಿದಳು.

"ಸಣ್ಣಗ ಅಳವ್ವ," ಎಂದಳು. "ಯಾರರೆ ಕೇಳಿದ್ರ ಸಾಲಿ ಬಿಡಸ್ತಾರ."